ಚಹಾ ಬಣ್ಣದ ಹರಳು, ಬಿಸಿಲು ಬೀಳುವ ಸೀಟು

ಬಸ್ಸು ಜೋರಾಗಿ ಬ್ರೇಕು ಹಾಕಿದರೆ ಎಲ್ಲರ ಕೈಗಳೂ ಮುಂದಿನ ಸೀಟಿನ ಕಂಬಿಗೆ ಹೋಗುತ್ತವೆ. ನನ್ನ ಬಲಗೈಯೂ ಹೋಗುತ್ತದೆ. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಮಡಿಲಲ್ಲೇ ಕೂತುಬಿಡುತ್ತದೆ, ಬಿಟ್ಟರೆ ಒಳಗಿನದೇನೋ ಉರುಳಿಹೋದೀತು ಎಂಬಂತೆ. ಒಳಗೆ ಏನೂ ಇರುವುದಿಲ್ಲ. ಬಹಳವೆಂದರೆ ಟಿಕೀಟು ಇರುತ್ತದೆ. ಅದೂ ಬೆವರಿಗೆ ಮುದ್ದೆಯಾಗಿ, ತಪಾಸಣೆಯವರು ಬಂದಾಗ ಬಿಡಿಸಿ ತೋರಿಸುವಷ್ಟರಲ್ಲಿ ಇಡೀ ಬಸ್ಸು ನನ್ನನ್ನು ಕಳ್ಳಪ್ರಯಾಣಿಕಳೆಂದು ತೀರ್ಮಾನಿಸಿರುತ್ತದೆ. ಇನ್ನೊಂದು ಚಟವೂ ಇದೆ. ಬಲಗಡೆಯ ಕಿಟಕಿಯ ಪಕ್ಕ ನಾನು ಕೂರುವುದಿಲ್ಲ. ಸೀಟು ಖಾಲಿ ಇದ್ದರೂ ನಿಂತೇ ಬರುತ್ತೇನೆ. ಕಂಡಕ್ಟರುಗಳು ಇದನ್ನು ಸೊಕ್ಕು ಎಂದುಕೊಳ್ಳುತ್ತಾರೆ.

ಇದಕ್ಕೆಲ್ಲ ಕಾರಣ ಒಂದು ವಜ್ರ. ನಗಬೇಡಿ. ನಮ್ಮದೇನೂ ವಜ್ರವೈಡೂರ್ಯದ ಮನೆಯಲ್ಲ. ಸೊಲ್ಲಾಪುರದ ಚಾದರದ ಮನೆ. ಅಪ್ಪ, ಕಾಕಾ, ಅಣ್ಣ ಮೂವರೂ ಕೂಡಿ ಚಾದರದ ಸಗಟು ವ್ಯಾಪಾರ ಮಾಡುತ್ತಿದ್ದರು. ಹಾಗಾಗಿ ನಮ್ಮಲ್ಲಿ ಊಟಕ್ಕೆ ಕೂತರೂ ಮಾತು ಬಣ್ಣದ್ದೇ. ಕಾಕಾನಿಗೆ ಕಾಮಾಲೆ ಆದಾಗ ಅಪ್ಪ ಅವನ ಕಣ್ಣು ಬಿಡಿಸಿ ನೋಡಿ ಮೊದಲು ಹೇಳಿದ್ದು, "ಇದು ಹಳದಿ ಅಲ್ಲೋ, ನಿಂಬಿ ಕಲರ್." ಡಾಕ್ಟರನ್ನು ಕರೆಸಿದ್ದು ಆಮೇಲೆ. ಯಾವ ಚಾದರಕ್ಕೆ ಯಾವ ಬಣ್ಣದ ನೂಲು ಎಂದು ಆರಿಸುವುದು ಅಣ್ಣನ ಕೆಲಸ. ನೂಲಿನ ಲಡಿಗಳನ್ನು ಅಂಗಡಿಯೊಳಗೆ ನೋಡಿ ಒಪ್ಪಿಕೊಂಡವನೇ ಅಲ್ಲ ಅವನು. ಬೀದಿಗೆ ತಂದು ಸೂರ್ಯನಿಗೆ ಹಿಡಿಯುತ್ತಿದ್ದ. "ಟ್ಯೂಬಲೈಟ್ ಸುಳ್ಳ ಹೇಳ್ತದ ಸುಮಿ. ಬಿಸಿಲಿಗೆ ಹಿಡೀಬೇಕು," ಎನ್ನುತ್ತಿದ್ದ.

ನನಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗಿನಿಂದ ಕೈಗೆ ಸಿಕ್ಕ ಬಳೆಚೂರನ್ನೆಲ್ಲ ಕಣ್ಣಿಗೆ ಹಿಡಿದು ಅಂಗಳದಲ್ಲಿ ಕೂರುತ್ತಿದ್ದವಳು ನಾನು. ಹಸಿರು ಚೂರಿನಲ್ಲಿ ಎದುರು ಮನೆಯ ಆಡು ಹಸಿರು, ನೀಲಿ ಚೂರಿನಲ್ಲಿ ನೀಲಿ. ನಮ್ಮ ಅಜ್ಜಿಯನ್ನು ಮನೆಯಲ್ಲೆಲ್ಲ ಆಯಿ ಎನ್ನುತ್ತಿದ್ದೆವು; ಆಯಿಯನ್ನು ಕೆಂಪು ಚೂರಿನಲ್ಲಿ ಮಾತ್ರ ನೋಡುತ್ತಿರಲಿಲ್ಲ. ಚೂರಿಲ್ಲದೆಯೇ ಸಾಕಷ್ಟು ಕೆಂಪಗಿರುತ್ತಿದ್ದಳು. ಎಳೆಯ ವಯಸ್ಸಿನಲ್ಲಿ ಸೂರ್ಯನನ್ನು ಅಷ್ಟು ನೋಡಿದ್ದರಿಂದಲೇ ನನಗೆ ಚಷ್ಮಾ ಬಂತೆಂದು ಅವ್ವ ಈಗಲೂ ಹೇಳುತ್ತಾಳೆ.

ಅಣ್ಣನಿಗೆ ಹುಡುಗಿ ಗೊತ್ತಾದದ್ದು ಅಕ್ಕಲಕೋಟೆಯಲ್ಲಿ. ಹೆಸರು ಪ್ರಭಾ. ತಂದೆಯದು ಕಾಳುಕಡಿಯ ಅಡತಿ ಅಂಗಡಿ. ಸೊಲ್ಲಾಪುರದ ಕಾಲೇಜಿನಲ್ಲಿ ಅವಳೂ ನಾನೂ ಒಂದೇ ಬೆಂಚು. ಸಾಕರಪುಡಾ, ಅಂದರೆ ನಿಶ್ಚಯದ ಸಕ್ಕರೆ ಕೊಡುವ ಶಾಸ್ತ್ರ, ಹತ್ತಿರ ಬಂದಾಗ ಉಂಗುರದ ಮಾತು ಎದ್ದಿತು. ಹುಡುಗಿ ಬಂದು ತನ್ನ ಉಂಗುರ ತಾನೇ ಆರಿಸುವುದು ಆಗ ನಮ್ಮಲ್ಲಿ ಇರಲಿಲ್ಲ. ಆದರೆ ಅವಳು ತಾಯಿಯ ಜೊತೆ ಸೀರೆ ಕೊಳ್ಳಲು ಸೊಲ್ಲಾಪುರಕ್ಕೆ ಬಂದ ದಿನವೇ ನಾವೂ ಸರಾಫರ ಅಂಗಡಿಯಲ್ಲಿ ಕೂತಿದ್ದೆವು. ಸೀರೆಯಂಗಡಿಯಿಂದ ಹೊರಬಿದ್ದ ತಾಯಿ-ಮಗಳು ನೀರು ಕುಡಿಯಲೆಂದು ಅದೇ ಅಂಗಡಿಯ ಮೆಟ್ಟಿಲು ಹತ್ತಿದರು. ಇಂಥ ಆಕಸ್ಮಿಕಗಳನ್ನು ಏರ್ಪಡಿಸುವುದರಲ್ಲಿ ನನ್ನ ಕೈ ಪಳಗಿತ್ತು.

ಬಿಳಿ ಗಾದಿಯ ಒಂದು ತುದಿಗೆ ಅಣ್ಣ, ಇನ್ನೊಂದು ತುದಿಗೆ ಪ್ರಭಾ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಗೋಡೆಯ ಮೇಲಿನ ದೇವರನ್ನೆಲ್ಲ ನೋಡಿದರು. ಸರಾಫರು ಕಾಗದದ ಪುಡಿಕೆಗಳನ್ನು ಒಂದೊಂದಾಗಿ ಬಿಚ್ಚಿದರು. ಒಳಗೆ ತೆಳು ನೀಲಿ ಕಾಗದ, ಅದರ ಮೇಲೆ ನೀರಿನ ಹನಿಯಂಥ ಬಿಳಿ ಹರಳುಗಳು. ಎಲ್ಲರೂ ಛಲೋ ಅಂದರು. ಯಾರಿಗೂ ಯಾವುದೂ ಹಿಡಿಸಲಿಲ್ಲ. ಆಗ ಒಂದು ಪುಡಿಕೆಯ ಮಡಿಕೆಯಿಂದ ಬೇರೆ ಬಣ್ಣದ್ದೊಂದು ಉರುಳಿ ಬಂತು. ಸರಾಫರು ಚಿಮಟಾದಿಂದ ಅದನ್ನು ಪಕ್ಕಕ್ಕೆ ಸರಿಸಲು ಹೋದರು.

"ಅದು?" ಎಂದಿತು ಗಾದಿಯ ಈ ತುದಿ. ಅದೇ ಗಳಿಗೆಗೆ "ಅದು?" ಎಂದಿತು ಆ ತುದಿ. ಎರಡು ತೋರುಬೆರಳುಗಳು ಒಂದೇ ಹರಳಿನ ಮೇಲೆ.

"ಅದನ್ನ ಬಿಡ್ರಿ," ಅಂದರು ಸರಾಫರು. "ಖರೇ ಹೀರಾ ಹೌದು. ಆದ್ರ ಚಹಾದ ರಂಗು ಐತಿ. ಮಂದಿ ಬಿಳೀದ ಕೇಳ್ತಾರ."

ಕಾಕಾ ಬಗ್ಗಿ ನೋಡಿದ. "ಚಹಾದಾಗ ಬಿದ್ದಿತ್ತೇನ್ರಿ ಸರಾಫರ? ತೊಳದ್ರ ಹೋಗ್ತೈತೇನು?"

"ಹಾಲಿಲ್ಲದ ಚಹಾ," ಅಂದಳು ಪ್ರಭಾ, ನೆಲ ನೋಡುತ್ತ.

"ಬೆಲ್ಲದ್ದು," ಅಂದ ಅಣ್ಣ, ಚಾವಣಿ ನೋಡುತ್ತ.

ಪ್ರಭಾಳ ತಾಯಿಗೆ ಕೆಮ್ಮು ಬಂತು. ಆ ಇಬ್ಬರ ಮೊದಲ ಸಂಭಾಷಣೆ ಇಷ್ಟೇ. ಇದಕ್ಕಿಂತ ನಾಚಿಕೆಗೆಟ್ಟ ಮಾತುಕತೆಯನ್ನು ನಾನು ಈವರೆಗೆ ಕೇಳಿಲ್ಲ. ಅವರಿಬ್ಬರೂ ಕೂಡಿ ಆರಿಸಿದ ಮೊದಲ ವಸ್ತು ಅದು. ಅದು ಕೈತಪ್ಪಿದರೆ ಇಬ್ಬರಿಗೂ ಎಷ್ಟು ಕೆಟ್ಟದೆನಿಸೀತು ಎಂಬುದು ಅವರ ಮುಖ ನೋಡಿದ ನನಗೊಬ್ಬಳಿಗೇ ಗೊತ್ತಿತ್ತು.

ಆದರೆ ಆಯಿ ಇದ್ದಳಲ್ಲ! ನಮ್ಮ ಕಡೆಯ ವ್ಯಾಪಾರಸ್ಥರ ಮನೆಗಳಲ್ಲಿ ಹರಳನ್ನು ನೋಡಿದ ತಕ್ಷಣ ಕೊಳ್ಳುವುದಿಲ್ಲ. ಪರೀಕ್ಷೆಗೆಂದು ಮನೆಗೆ ತರುತ್ತಾರೆ. ಸರಾಫರೂ ಗೊಣಗದೆ ಕೊಡುತ್ತಾರೆ. ಅದು ಮನೆಯಲ್ಲಿದ್ದಾಗ ಒಳ್ಳೆಯದಾದರೆ ಉಳಿಯಿತು, ಕೆಟ್ಟದ್ದಾದರೆ ಮರಳಿ ಅಂಗಡಿಗೆ. ಆಯಿಯ ಕಾಯಿದೆ ಇನ್ನೂ ಬಿಗಿ. ಹರಳನ್ನು ಪೆಟ್ಟಿಗೆಯಲ್ಲಿ ಇಡಕೂಡದು, ಇಟ್ಟರೆ ಮಲಗಿಬಿಡುತ್ತದೆ. ಅರಿಷಿಣದ ಬಟ್ಟೆಯಲ್ಲಿ ಗಂಟು ಕಟ್ಟಿ ಯಾರದಾದರೂ ತೋಳಿಗೆ ತಾಗಿರಬೇಕು. ಪರೀಕ್ಷೆ ಮುಗಿಯುವ ತನಕ ಬಿಚ್ಚಿ ನೋಡಬಾರದು. ಬಣ್ಣದ ಹರಳಾದ್ದರಿಂದ ಈ ಸಲ ಅರ್ಧ ಪರೀಕ್ಷೆ ನಮ್ಮ ಮನೆಯಲ್ಲಿ, ಉಳಿದರ್ಧ ಅದನ್ನು ಹಾಕಿಕೊಳ್ಳುವವಳ ತೋಳಿನಲ್ಲಿ.

ನಾನು ಬಿ.ಎಸ್‌ಸಿ. ರಸಾಯನಶಾಸ್ತ್ರ. ಸುಮ್ಮನಿರಲಾದೀತೆ? "ಆಯಿ, ವಜ್ರ ಅಂದ್ರ ಬರೇ ಕಾರ್ಬನ್. ಇದ್ದಲಿ ಇದ್ದಂಗ," ಎಂದೆ.

"ಹಂಗಾರ ಛಲೋ ಆತು," ಅಂದಳು ಆಯಿ. "ನಿಮ್ಮಣ್ಣಗ ಹೇಳು, ನಮ್ಮ ಒಲಿಯಾಗಿಂದ ಒಂದ ತಗೊಂಡು ಉಂಗರದಾಗ ಕೂಡಿಸ್ಲಿ. ಸರಾಫನ ಮನಿಗೆ ಯಾಕ ಹೋಗ್ಬೇಕು?"

ನನ್ನ ಬಿ.ಎಸ್‌ಸಿ. ಅಲ್ಲಿಗೆ ಮುಗಿಯಿತು.

ಹರಳು ಅವ್ವನ ತೋಳಿಗೇರಿತು. ಅಂದಿನಿಂದ ಮನೆಯಲ್ಲಿ ಏನೇ ನಡೆದರೂ ಅದರದೇ ಕೈವಾಡ. ಹಾಲು ಉಕ್ಕಿತು. "ಲಕ್ಷ್ಮಿ ಉಕ್ಕಿ ಬಂದಾಳ," ಅಂದಳು ಅವ್ವ. "ಹಾಲು ಒಲಿಪಾಲಾತು," ಅಂದಳು ಆಯಿ. ಎಂದೋ ಕಳೆದ ಕಾಕಾನ ಚಪ್ಪಲಿ ಹಿತ್ತಿಲಲ್ಲಿ ಸಿಕ್ಕಿತು, ಆದರೆ ಒಂದೇ ಕಾಲಿನದು. ಅದು ಶುಭವೋ ಅಶುಭವೋ ಎಂದು ಒಂದು ಮಧ್ಯಾಹ್ನ ಪೂರ್ತಿ ಚರ್ಚೆ ನಡೆಯಿತು. ನನಗೆ ಮಾತ್ರ ಒಂದೇ ಕುತೂಹಲ. ಆ ಹರಳನ್ನು ನಾವು ನೋಡಿದ್ದು ಸರಾಫರ ಟ್ಯೂಬಲೈಟಿನಲ್ಲಿ. ಬಿಸಿಲಿಗೆ ಹಿಡಿದರೆ ಹೇಗೆ ಕಾಣಬಹುದು?

ಉಳಿದರ್ಧ ಪರೀಕ್ಷೆಗೆ ಹರಳನ್ನು ಅಕ್ಕಲಕೋಟೆಗೆ ಒಯ್ಯಬೇಕಾಯಿತು. ನಿಶ್ಚಯಕ್ಕೆ ಮೊದಲು ಅಣ್ಣ ಹೆಣ್ಣಿನ ಮನೆಗೆ ಹೋಗುವಂತಿಲ್ಲ. ಕಾಕಾನ ಜೊತೆ ನಾನು ಹೊರಟೆ. ಆಯಿ ತಾನೇ ನನ್ನ ಎಡತೋಳಿಗೆ ಗಂಟು ಕಟ್ಟಿದಳು. "ಬಿಚ್ಚಿಗಿಚ್ಚಿ ಮತ್ತ. ನಿನ್ನ ಕೈ ಸುಮ್ಮಕಿರೂದಿಲ್ಲ, ನನಗ ಗೊತ್ತು."

ಬುಧವಾರ. ಗುರುವಾರವಾಗಿದ್ದರೆ ಬಸ್ಸಿನಲ್ಲಿ ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ ಹೋಗುವವರ ನೂಕುನುಗ್ಗಲು ಇರುತ್ತಿತ್ತು. ಅಂದು ಅರ್ಧ ಬಸ್ಸು ಖಾಲಿ. ಕಾಕಾನಿಗೆ ಬಸ್ಸೆಂದರೆ ಹೊಟ್ಟೆ ತೊಳಸುತ್ತದೆ. ಮೂಗಿಗೆ ನಿಂಬೆಹಣ್ಣು ಹಿಡಿದು ಡ್ರೈವರನ ಹಿಂದೆ ಕೂತ. ನಾನು ಬಲಗಡೆಯ ಕಿಟಕಿ ಹಿಡಿದೆ. ಬೆಳಗಿನ ಹೊತ್ತು ಅಕ್ಕಲಕೋಟೆಯ ದಾರಿಯಲ್ಲಿ ಬಿಸಿಲೆಲ್ಲ ಎಡಗಡೆಗೆ, ನೆರಳೆಲ್ಲ ಬಲಗಡೆಗೆ. ಎಡಗಡೆಯ ಕಿಟಕಿಯಲ್ಲಿ ಹುಲಜಂತಿ ಕಡೆಯ ಕುರುಬಜ್ಜನೊಬ್ಬ ಕೂತಿದ್ದ. ದುಧನಿ ಬಜಾರಿಗೆ ಹೊರಟ ಹೊಸ ಕಂಬಳಿಗಳ ದೊಡ್ಡ ಗಂಟು ಅವನ ಪಕ್ಕದಲ್ಲಿ. ಗಂಟನ್ನು ಬಸ್ಸಿನ ಟಪ್ಪಿನ ಮೇಲೆ ಹಾಕು ಎಂದು ಕಂಡಕ್ಟರ್ ಮರಾಠಿಯಲ್ಲಿ, ಹಾಕುವುದಿಲ್ಲ ಎಂದು ಅಜ್ಜ ಕನ್ನಡದಲ್ಲಿ, ಊರು ದಾಟುವ ತನಕ ಜಗಳವಾಡಿದರು. ಅಜ್ಜ ಗೆದ್ದ.

ಊರು ದಾಟಿತು. ಎಡಗಡೆಯ ಸೀಟುಗಳ ಮೇಲೆ ಬಿಸಿಲು ಹೊಸ ಚಾದರದ ಹಾಗೆ ಹಾಸಿಕೊಂಡಿತ್ತು. ನನ್ನ ತೋಳಿನ ಗಂಟು ತುರಿಸತೊಡಗಿತು. ನೋಡಿದರೆ ಯಾರಿಗೆ ಗೊತ್ತಾಗುತ್ತದೆ? ಕಾಕಾ ನಿಂಬೆಹಣ್ಣಿನೊಳಗೆ ಮುಳುಗಿದ್ದ. ಎದ್ದು ಹೋಗಿ ಕೇಳಿಯೇಬಿಟ್ಟೆ. "ಅಜ್ಜಾ, ನನಗ ಸ್ವಲ್ಪ ಬಿಸಲ ಬೇಕಾಗೇತಿ. ಕಿಡಕಿ ಕೊಡ್ತೀರೇನ್ರಿ? ನಿಮ್ಮ ಗಂಟು ನನ್ನ ಜಾಗದಾಗ ಇಡ್ರಿ."

ಅಜ್ಜ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಎಲ್ಲಾರೂ ನೆಳ್ಳ ಬೇಡ್ತಾರ. ನೀ ಬಿಸಲ ಬೇಡ್ತಿ. ಚಳಿಜರಾ ಬಂದೈತೇನವ್ವಾ?" ಎಂದು ಗಂಟನ್ನೆತ್ತಿ ಬಲಗಡೆಯ ಕಿಟಕಿಗೆ ಆನಿಸಿಟ್ಟ. ಅದರ ಮೇಲೆ ಕಣ್ಣಿಡಲು ಅನುಕೂಲವಾಗಲೆಂದು ತಾನು ನನ್ನ ಪಕ್ಕದಲ್ಲೇ, ನಡುದಾರಿಯ ಅಂಚಿಗೆ ಕೂತ.

ಗಂಟು ಬಿಚ್ಚಿದೆ. ಹರಳನ್ನು ಎಡ ಅಂಗೈಯಲ್ಲಿಟ್ಟು ಕಿಟಕಿಯ ಕಡೆ ಬಾಗಿದೆ. ಬಿಸಿಲು ಅದರೊಳಗೆ ಇಳಿಯಿತು. ಚಹಾ ಹೋಯಿತು. ಬೇರೆ ಏನೋ ಬಂತು.

ಇಲ್ಲಿಯ ತನಕ ನನಗೆ ಎಲ್ಲವೂ ಸರಿಯಾಗಿ ನೆನಪಿದೆ. ಇಲ್ಲಿಂದ ಮುಂದಿನದನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ, ಪ್ರತಿ ಸಲವೂ ಒಂದು ಚೂರು ಬೇರೆಯಾಗಿ ಬರುತ್ತದೆ. ಒಮ್ಮೆ ಶಬ್ದ ಮೊದಲು, ಒಮ್ಮೆ ನೆರಳು ಮೊದಲು. ಎದುರಿನಿಂದ ಬಂದ ಲಾರಿಯೊಂದು ರಸ್ತೆಯ ತಗ್ಗು ತಪ್ಪಿಸಲು ನಮ್ಮ ಕಡೆ ಹೊರಳಿತು. ಅದರ ತಲೆಯ ಮೇಲಿಂದ ಮುಂದಕ್ಕೆ ಚಾಚಿದ ಕಬ್ಬಿಣದ ಸಲಾಕೆಗಳಲ್ಲಿ ಕಟ್ಟು ಸಡಿಲಾದ ಒಂದು ನಮ್ಮ ಬಸ್ಸಿನ ಬಲಗಡೆಯ ಕಿಟಕಿಯನ್ನು ಹೊಕ್ಕಿತು. ಗಾಜು ಬಸ್ಸಿನ ತುಂಬ ಸಕ್ಕರೆಯಂತೆ ಸುರಿಯಿತು. ಬಸ್ಸು ಓರೆಯಾಗಿ ನಿಂತಿತು.

"ಕುಣಾಲಾ ಲಾಗಲಂ ಕಾ?" ಯಾರಿಗಾದರೂ ಪೆಟ್ಟಾಯಿತೇ ಎಂದು ಕಂಡಕ್ಟರ್ ಕೂಗಿದ. ಯಾರಿಗೂ ಆಗಿರಲಿಲ್ಲ. ಅಜ್ಜ ಎದ್ದು ತನ್ನ ಗಂಟಿನ ಹತ್ತಿರ ಹೋದ. ಸಲಾಕೆ ಗಂಟಿನ ನಟ್ಟನಡುವೆ ತೂರಿ ಸೀಟಿನ ಬೆನ್ನಿಗೆ ನಾಟಿಕೊಂಡಿತ್ತು. ಮುಟ್ಟಿ ನೋಡಿದ. ತಿರುಗಿ ನನ್ನನ್ನು ನೋಡಿದ.

"ಯವ್ವಾ, ಇಲ್ಲಿ ನೀ ಕುಂತಿದ್ದೆಲ್ಲ?"

ಅವನು ಒಂದೊಂದೇ ಕಂಬಳಿ ಬಿಡಿಸಿ ತೂತಿನಲ್ಲಿ ಬೆರಳು ತೂರಿಸಿ ನೋಡಿದ. ಕೊನೆಗೆ ಸೊಂಟದ ಚೀಲದಿಂದ ಭಂಡಾರದ ಅರಿಷಿಣಪುಡಿ ತೆಗೆದು ನನ್ನ ಹಣೆಗೆ ಬಳಿದ. "ನಮ್ಮ ಬೀರಪ್ಪ ಕಾಯ್ದಾನ ನಿನ್ನ. ಬಿಸಲ ಬೇಡು ಅಂತ ಬುದ್ಧಿ ಕೊಟ್ಟಾಂವ ಅವನ." ಇಷ್ಟು ಹೇಳಿ ಅದೇ ಭಂಡಾರದ ಕೈಯಲ್ಲಿ ಲಾರಿಯವನ ಅಂಗಿ ಹಿಡಿಯಲು ಇಳಿದು ಹೋದ.

ಕಾಕಾ ನಿಂಬೆಹಣ್ಣು ಹಿಡಿದುಕೊಂಡೇ ಓಡಿ ಬಂದ. ನನ್ನನ್ನು ತಡವಿ ನೋಡಿದ, ಅತ್ತ, ಆಮೇಲೆ ಬರಿದಾದ ತೋಳು ನೋಡಿ, "ಹರಳೆಲ್ಲೈತಿ?" ಎಂದ. ನನ್ನ ಎಡಗೈ ಮುಷ್ಟಿಯಾಗಿರುವುದು ನನಗೆ ಆಗಲೇ ಗೊತ್ತಾದದ್ದು. ತೆರೆಯೆಂದರೆ ತೆರೆಯಲಿಲ್ಲ. ಕಾಕಾ ಒಂದೊಂದೇ ಬೆರಳು ಬಿಡಿಸಿದ. ಹರಳು ಅಂಗೈಯಲ್ಲಿ ಗುಳಿ ಮಾಡಿಕೊಂಡು ಕೂತಿತ್ತು, ಮತ್ತೆ ಚಹಾದ ಬಣ್ಣದ್ದಾಗಿ.

ಬೇರೆ ಬಸ್ಸು ಹಿಡಿದು ಅಕ್ಕಲಕೋಟೆ ತಲುಪಿದೆವು. ಪ್ರಭಾಳ ಮನೆಯ ಪಡಸಾಲೆಯಲ್ಲಿ ಕಾಕಾ ಕಥೆ ಹೇಳಿದ. ಕೇಳಲು ಹೊಸಬರು ಬಂದಂತೆಲ್ಲ ಸಲಾಕೆ ಉದ್ದವಾಗುತ್ತ ಹೋಯಿತು. ನಾನು ಗಂಟು ಬಿಚ್ಚಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಪ್ರಭಾಳ ತಂದೆಯ ಮುಖ ಬಿಳಿಚಿತು. ಪಡಸಾಲೆಯ ಫೋನಿನಿಂದಲೇ ಸೊಲ್ಲಾಪುರಕ್ಕೆ ಕರೆ ಹಚ್ಚಿದರು. ಆಯಿಗೆ ಫೋನಿನ ಮೇಲೆ ನಂಬಿಕೆಯಿಲ್ಲ. ತಂತಿಯ ಹಂಗಿಲ್ಲದೆ ತನ್ನ ದನಿಯೇ ಅಕ್ಕಲಕೋಟೆ ಮುಟ್ಟಬೇಕು ಎಂಬಂತೆ ಕೂಗುತ್ತಾಳೆ. ಕಾಕಾ ರಿಸೀವರನ್ನು ಕಿವಿಯಿಂದ ದೂರ ಹಿಡಿದ. ತೀರ್ಪು ಎಲ್ಲರಿಗೂ ಕೇಳಿಸಿತು.

"ಹರಳು ಕೆಟ್ಟದ್ದಲ್ಲ. ಹುಡುಗೀನ ಉಳಿಸೇತಿ. ಆದ್ರ ಆಕಿ ಬಿಚ್ಚಿ ನೋಡ್ಯಾಳ, ಅದೂ ಆಕೀನ ನೋಡೇತಿ. ಇನ್ನ ಅದು ಸುಮೀಂದು. ಒಬ್ಬಾಕಿನ್ನ ಹಿಡದ ಹರಳ ಇನ್ನೊಬ್ಬಾಕಿ ಬೆರಳಿಗೆ ಹ್ಯಾಂಗ ಹಾಕೂದು? ಸೊಸಿಗೆ ಬಿಳೀದ ತರೂಣು."

ವಜ್ರವೆಂದರೆ ಇದ್ದಿಲು ಎಂದವಳ ತಲೆಗೇ ವಜ್ರ ಬಂದು ಬಿತ್ತು! ಪ್ರಭಾಳ ತಂದೆ ಹಗುರಾದರು. "ಬರಾಬರ್ ಹೇಳಿದ್ರು ಹಿರ್ಯಾರು. ಬಿಳೀದ ಛಲೋ." ಹಿರಿಯರೆಲ್ಲ ಅಂಗಡಿಗೆ ಹೋದರು. ಪ್ರಭಾ ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅದನ್ನು ಕೆಳಗಿಟ್ಟು ನನ್ನ ಹತ್ತಿರ ಬಂದು ಕೂತಳು.

"ಸುಮಿ, ಬಿಸಲಾಗ ಹ್ಯಾಂಗಿತ್ತ?"

ಅಷ್ಟು ಜನ ಅಷ್ಟು ಪ್ರಶ್ನೆ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಾನು ಆಗ ಅತ್ತೆ.

"ಉಳ್ಳಾಗಡ್ಡಿ ಸಿಪ್ಪಿ ಬಿಸಲಿಗೆ ಹಿಡದ್ರ ಹೆಂಗ ಕಾಣ್ತೈತಿ, ಹಂಗ," ಎಂದೆ. "ಅಲ್ಲ, ಅದಕ್ಕಿಂತ ಕೆಂಪು. ಅಲ್ಲ..." ಹೇಳಲು ಬರಲಿಲ್ಲ. ಆ ಬಣ್ಣ ಹಿಡಿಯಹೋದರೆ ಗಾಜು ಸುರಿಯುತ್ತಿತ್ತು.

ಅವಳು ಎಡತೋಳು ಚಾಚಿದಳು. "ಕಟ್ಟು."

"ಆಯಿ ಹೇಳಿದ್ದ ಕೇಳ್ಲಿಲ್ಲೇನ?"

"ಕೇಳಿನಿ. ಅರ್ಧ ಪರೀಕ್ಷಾ ನನ್ನ ತೋಳಿನ್ಯಾಗ ಆಗ್ಬೇಕಂತ ಮೊದಲ ಅವರ ಹೇಳ್ಯಾರಲ್ಲ? ಅದಿನ್ನೂ ಆಗಿಲ್ಲ. ನಾಳೆ ನಾನ ಒಯ್ತೀನಿ, ಅದ ಬಸ್ಸಿನ್ಯಾಗ."

ಅವಳ ತಂದೆ ಕೂಗಾಡಿದರು. ಆದರೆ ಅವರು ವ್ಯಾಪಾರಿ. ಆಡಿದ ಕರಾರು ಅರ್ಧಕ್ಕೇ ನಿಂತಿದೆ ಎಂದಾಗ ಅವರೇ ಬಸ್ಸಿನ ಹೊತ್ತು ಹೇಳಿದರು. ಮರುದಿನ ತಾಯಿಯನ್ನೂ ಕರೆದುಕೊಂಡು ಪ್ರಭಾ ನಮ್ಮೊಡನೆ ಹೊರಟಳು. ಬಸ್ಸು ಹತ್ತಿದವಳೇ ಬಲಗಡೆಯ ಕಿಟಕಿಯ ಪಕ್ಕ ಕೂತಳು. "ನೀ ಬೇಕಾರ ಆ ಕಡಿ ಕೂಡು," ಅಂದಳು. ನಾನು ಅವಳ ಪಕ್ಕದಲ್ಲೇ ಕೂತೆ. ಧೈರ್ಯದಿಂದಲ್ಲ, ಕಾಲು ಮುಂದೆ ಹೋಗಲಿಲ್ಲ. ಎದುರಿಗೆ ಬಂದ ಪ್ರತಿ ಲಾರಿಗೂ ನಾನು ಕಣ್ಣು ಮುಚ್ಚಿದೆ. ಅವಳು ಮಾತ್ರ ಕಿಟಕಿಯ ಕಂಬಿಗೆ ಹಣೆಯಿಟ್ಟು ಎಲ್ಲವನ್ನೂ ನೋಡುತ್ತಿದ್ದಳು. ಒಂದು ಕಡೆ ರಸ್ತೆಯಂಚಿನಲ್ಲಿ ಗಾಜಿನ ಪುಡಿ ಮಿನುಗುತ್ತಿತ್ತು. "ಇಲ್ಲೇ ಅಲ್ಲ?" ಎಂದವಳು ತೋಳಿನ ಗಂಟು ಮುಟ್ಟಿಕೊಂಡು ಮೆಲ್ಲಗೆ ಕೇಳಿದಳು: "ಬಿಚ್ಚಲೇನ? ನೋಡ್ತೀ?"

"ಬ್ಯಾಡ, ನಿನ್ನ ಕಾಲ ಬೀಳ್ತೀನಿ," ಎಂದೆ. ಒಂದು ವಸ್ತುವನ್ನು ನೋಡುವುದು ಬೇಡವೆಂದು ನಾನು ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ನಮ್ಮ ಮನೆಯಲ್ಲಿ ಆಯಿ ಹೊಸ್ತಿಲ ಒಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಪ್ರಭಾಳನ್ನು ಕಂಡು ಮೊರವನ್ನು ಅಡ್ಡ ಹಿಡಿದಳು. "ಹೊಸ್ತಲ ದಾಟಬ್ಯಾಡ ತಂಗಿ. ಲಗ್ನಾಗಿ ಸೇರ ಒದ್ದು ಬರೂ ಮನಿ ಇದು." ಪ್ರಭಾ ಹೊರಗಿನ ಕಟ್ಟೆಯ ಮೇಲೆ ಕೂತಳು. ಒಳಗೆ ಬಾಗಿಲ ಪರದೆಯ ಕೆಳಗೆ ಅಣ್ಣನ ಪಾದಗಳು ಕಾಣುತ್ತಿದ್ದವು.

"ಆಯಿ, ಒಂದ ಮಾತು ಕೇಳ್ಲೇನ್ರಿ?"

"ಅದಕ್ಕ ಬಂದೀಯಲ್ಲ. ಕೇಳು."

"ಹರಳು ಸುಮೀನ ಉಳಿಸ್ತು ಅಂದ್ರಿ. ಖರೇ. ಆದ್ರ ಸುಮಿ ನಾಳೆ ಲಗ್ನಾಗಿ ಬ್ಯಾರೆ ಮನಿಗೆ ಹೋಗಾಕಿ. ಅದು ಆಕೀದು ಅಂದ್ರ ಹರಳೂ ಆಕಿ ಹಿಂದ ಹೋಗ್ತೈತ್ರಿ. ನಾ ಈ ಮನಿಗೆ ಬರಾಕಿ. ನಂದಾದ್ರ ಅದು ಇಲ್ಲೇ ಉಳೀತೈತಿ. ಇಂಥಾ ಹರಳ ಹೊರಗ ಕೊಡ್ತೀರೋ, ಮನ್ಯಾಗ ಇಟ್ಕೋತೀರೋ?"

ಆಯಿಯ ಕೈ ಜೋಳದಲ್ಲಿ ನಿಂತಿತು. ಐವತ್ತು ವರ್ಷ ಚಾದರದ ಮನೆ ನಡೆಸಿದವಳು ಅವಳು. ಒಳಬರುವ ಮಾಲು ಯಾವುದು, ಹೊರಹೋಗುವುದು ಯಾವುದು ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ. ಪರದೆಯ ಕೆಳಗಿನ ಪಾದಗಳು ಒಂದರ ಮೇಲೊಂದು ಏರಿದವು.

"ಬಿಚ್ಚಿ ನೋಡ್ದೇನ?" ಎಂದಳು ಆಯಿ.

"ಇಲ್ರಿ."

"ದಾರ್ಯಾಗ ಏನಾತು?"

"ಏನೂ ಆಗ್ಲಿಲ್ರಿ."

"ಏನೂ?"

"ಏನೂ."

ಆಯಿ ಮೊರವನ್ನು ಪಕ್ಕಕ್ಕಿಟ್ಟಳು. "ಸುಮಿ, ಬಾಯಿ ತಕ್ಕೊಂಡು ಏನ ನೋಡಾಕತ್ತಿ? ಒಳಗಿಂದ ಸಕ್ಕರಿ ತಾ."

ಉಂಗುರ ಮಾಡಿದವನು ಅಕ್ಕಲಕೋಟೆಯ ಮುದಿ ಪತ್ತಾರ. ಹರಳಿನ ಬೆನ್ನನ್ನು ಬಂಗಾರದಿಂದ ಮುಚ್ಚುವುದೇ ಆಗಿನ ರೂಢಿ. ಅಣ್ಣ ಬೇಡವೆಂದ, ಬೆಳಕು ಆಚೆಯಿಂದಲೂ ಬರಬೇಕೆಂದ. ಪತ್ತಾರ ಸಿಟ್ಟಾಗಿ ಅದನ್ನು ಮೂರು ಸಲ ಕರಗಿಸಿದ. ಕೊನೆಗೆ ಪ್ರಭಾಳ ಕೈಗೆ ಕೊಡುವಾಗ, "ತಗೋವಾ, ನಿನ್ನ ಗಂಡಗ ಹೇಳು, ಹಿಂದ ಕಿಡಕಿ ಬಿಟ್ಟೀನಿ. ಥಂಡಿ ಆದ್ರ ನನಗ ಕೇಳಬ್ಯಾಡ್ರಿ," ಅಂದನಂತೆ.

ಪ್ರಭಾ ಅಣ್ಣನ ಹೆಂಡತಿಯಾಗಿ ನನಗೆ ವೈನಿಯಾದಳು. ನಾನು ತವರಿಗೆ ಹೋದಾಗಲೆಲ್ಲ ಅವಳ ಬೆರಳು ಹಿಡಿದು ಅಂಗಳಕ್ಕೆ ಎಳೆಯುತ್ತೇನೆ. ಬೆಳಗಿನ ಬಿಸಿಲಿನಲ್ಲಿ ನೋಡಿದ್ದೇನೆ, ಇಳಿಹೊತ್ತಿನದರಲ್ಲಿ ನೋಡಿದ್ದೇನೆ. ಚೆಂದವೇ ಕಾಣುತ್ತದೆ. ಆದರೆ ಆ ದಿನದ್ದಲ್ಲ. ನನ್ನನ್ನು ಉಳಿಸಿದ್ದು ಹರಳೋ, ಬೀರಪ್ಪನೋ, ಸುಮ್ಮನಿರದ ನನ್ನ ಕೈಯೋ ಎಂಬುದನ್ನು ನಾನು ಇನ್ನೂ ತೀರ್ಮಾನಿಸಿಲ್ಲ. ಆ ಬಣ್ಣ ಯಾವುದು ಎಂಬುದೂ ಹಾಗೆಯೇ ಉಳಿದಿದೆ.

ಮೊನ್ನೆ ವೈನಿಯ ಜೊತೆ ಅಕ್ಕಲಕೋಟೆಗೆ ಹೊರಟಿದ್ದೆ. ಅವಳು ಎಡಗಡೆಯ ಕಿಟಕಿಯಲ್ಲಿ, ನಾನು ಈಚೆಗೆ. ಎದುರಿಗೆ ಲಾರಿ ಬಂತು, ಬ್ರೇಕು ಬಿತ್ತು, ನನ್ನ ಎಡಗೈ ಮುಚ್ಚಿಕೊಂಡಿತು. ವೈನಿ ಅದನ್ನು ತನ್ನ ಮಡಿಲಿಗೆಳೆದುಕೊಂಡು, ಹಿಂದೊಮ್ಮೆ ಕಾಕಾ ಬಿಡಿಸಿದ್ದಂತೆಯೇ, ಒಂದೊಂದು ಬೆರಳಾಗಿ ಬಿಡಿಸಿದಳು.

"ಏನೂ ಇಲ್ಲ ನೋಡು," ಅಂದಳು.

ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಹೊರಳಿತು. ಬಿಸಿಲು ಒಳಗೆ ಬಂತು. ಅವಳ ಉಂಗುರದ ಆಚೆಯಿಂದ ನನ್ನ ಅಂಗೈಯ ಮೇಲೆ ಜೋಳದ ಕಾಳಿನಷ್ಟು ಒಂದು ಬೆಳಕು ಬಿದ್ದಿತು. ನಾನು ಬಗ್ಗಿ ನೋಡಿದೆ. ಕೈ ಮುಚ್ಚಲಿಲ್ಲ.